ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಇವತ್ತು ಕೃಷ್ಣಮೂರ್ತಿಪುರಂನ ಮನೆಯೊಂದರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಇನ್ನೂ ಕಟ್ಟುತ್ತಾರೆ! ಆ ಕಹಿ ವಾಸನೆಗೆ ತಂಗಿ ನೆನಪಾದಳು.

ಅವಳ ಮೈತುಂಬ ಗುಳ್ಳೆ ಎದ್ದಾಗ ಅವ್ವ ಅಡುಗೆಗೆ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿ, ಅವಳನ್ನು ಬೇವಿನೆಲೆಯ ಮೇಲೆ ಮಲಗಿಸಿದಳು. ಮೂರನೇ ದಿನ ತಂಗಿಗೆ ಉಸಿರು ಕಟ್ಟತೊಡಗಿತು. ಡಾಕ್ಟರ ಮನೆ ಎರಡೇ ಬೀದಿ ಆಚೆ. ಅಪ್ಪ ಅವಳನ್ನು ಎತ್ತಿಕೊಂಡರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮ ಬಂದವ್ಳೆ ಕಣ್ರೀ. ಸೂಜಿ ಚುಚ್ಚಿಸಿದ್ರೆ ಮುನಿಸ್ಕೋತಾಳೆ."

ಅಪ್ಪ ನಂಬಿದರೋ, ಹೆದರಿದರೋ, ತಂಗಿಯನ್ನು ಮತ್ತೆ ಮಲಗಿಸಿದರು. ಸಂಜೆಯೊಳಗೆ ಅವಳು ತೀರಿಕೊಂಡಳು. "ದೇವಿ ಕರ್ಕೊಂಡ್ಬುಟ್ಲು" ಎಂದು ಅವ್ವ ಇಷ್ಟು ವರ್ಷವೂ ಹೇಳುತ್ತಲೇ ಬಂದಳು.

ಇವತ್ತು ಮನೆಗೆ ಬಂದವನೇ ಸಿಟ್ಟಿನಲ್ಲಿ ಅಂದುಬಿಟ್ಟೆ: "ದೇವೀನೂ ಇಲ್ಲ, ಏನೂ ಇಲ್ಲ. ಅದು ಬರೀ ಕಾಯಿಲೆ ಕಣವ್ವ."

ಅವ್ವ ನನ್ನನ್ನೇ ನೋಡಿದಳು.

"ಅಂಗಾದ್ರೆ ಅವಳ್ನ ಸಾಯಿಸ್ದೋರು ಯಾರೋ?"