ಎಲೆಗೆ ಕೇಳಿಸದ ಗಂಟೆ

ಗಂಟೆ ಬಾರಿಸುವುದರಲ್ಲಿ ಒಂದು ಸುಖವಿದೆ. ಅದು ಬಾರಿಸಿದವರಿಗಷ್ಟೇ ಗೊತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿಸಿದಷ್ಟಕ್ಕೇ ಮುನ್ನೂರು ಮಕ್ಕಳು ಏಳುತ್ತಾರೆ, ಕೂರುತ್ತಾರೆ, ಉಣ್ಣಲು ಓಡುತ್ತಾರೆ. ಈ ಸುಖವನ್ನು ಶಾಲೆಯ ಮೇಷ್ಟರಾಗಿ ಇಪ್ಪತ್ತೆರಡು ವರ್ಷ ಅನುಭವಿಸಿ, ಬೆನ್ನುನೋವಿನ ಕಾರಣದಿಂದ ನಾನು ಸ್ವಯಂ ನಿವೃತ್ತಿ ಪಡೆದೆ. ಅಷ್ಟರಲ್ಲಿ ಶಾಲೆಗೆ ವಿದ್ಯುತ್ ಗಂಟೆ ಬಂದು, ಹಳೆಯ ರೈಲುಕಂಬಿಯ ತುಂಡು ಅನಾಥವಾಗಿತ್ತು. ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದೇ ಅದನ್ನು ಮನೆಗೆ ತಂದೆ. ಗಂಟೆ ಕೇಳಿ ಏಳಲು, ಕೂರಲು ಮನೆಯಲ್ಲಿ ಹೆಂಡತಿಯೊಬ್ಬಳೇ ಇದ್ದುದರಿಂದ, ಅದು ಅಟ್ಟ ಸೇರಿತು.

ಕಟ್ಟೆಮಳಲವಾಡಿಯಲ್ಲಿ ನನ್ನ ಅಕ್ಕನ ಗಂಡ ಹೊಗೆಸೊಪ್ಪು ಬೆಳೆಯುತ್ತಾರೆ. ಆ ವರ್ಷದ ಡಿಸೆಂಬರಿನಲ್ಲಿ ಅವರು ಎಲೆ ಬೇಯಿಸುವ ಬ್ಯಾರನ್ನಿನ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡರು. ಬೇಯಿಸಿ ತೆಗೆದ ಎಲೆಯನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಬೇಲ್ ಎಂಬ ಮೂಟೆಗಳಾಗಿ ಕಟ್ಟಿ, ಸೋಮವಾರ ಹರಾಜುಕಟ್ಟೆಗೆ ಒಯ್ಯಬೇಕಿತ್ತು. ಅಂದು ತಪ್ಪಿದರೆ ಮತ್ತೆ ಸರದಿ ಬರುವವರೆಗೆ ಕಾಯಬೇಕು. ಕಾದಷ್ಟೂ ಎಲೆಯ ಬಣ್ಣ ಮಂಕಾಗುತ್ತದೆ. ಉಳಿದದ್ದು ಐದೇ ದಿನ. ಭಾವ ನನ್ನನ್ನು ಕರೆಸಿ, "ನಾಕು ದಿನ ಶೆಡ್‌ನಾಗೆ ಸುಮ್ಕೆ ಕುಂತಿರಿ ಮೇಷ್ಟ್ರೇ. ಎಣ್ಣಾಳುಗಳು ಅವ್ರ ಪಾಡಿಗೆ ಅವ್ರು ಮಾಡ್ಕತಾರೆ" ಎಂದರು. ಮೇಷ್ಟರೊಬ್ಬನಿಗೆ ಸುಮ್ಮನೆ ಕೂರುವಂತೆ ಹೇಳುವುದು, ನೋಡಿ, ಮೀನಿಗೆ ಒಣಗಿ ಕೂರುವಂತೆ ಹೇಳಿದ ಹಾಗೆ.

ಮೊದಲ ದಿನ ನಾನು ಕಂಡದ್ದನ್ನು ಯಥಾವತ್ತಾಗಿ ನಿವೇದಿಸುತ್ತೇನೆ. ಏಳು ಹೆಂಗಸರು ಮಂಜು ಕರಗುವ ಮೊದಲೇ ಬಂದರು. ಎಲೆ ಆರಿಸುತ್ತ ಒಂದೇ ಸಮನೆ ಮಾತನಾಡಿದರು. ಹನ್ನೊಂದರ ಸುಮಾರಿಗೆ ಅವರಲ್ಲಿ ಹಿರಿಯರಾದ ದೇವಮ್ಮ ಒಂದು ಎಲೆಯನ್ನು ಕಿವಿಯ ಹತ್ತಿರ ಹಿಡಿದು ಮಡಿಚಿದರು, "ಏಳ್ರವ್ವ" ಎಂದರು. ಎಲ್ಲರೂ ರಾಶಿಗಳಿಗೆ ಒದ್ದೆ ಗೋಣಿ ಹೊದಿಸಿ, ಹೊಂಗೆಮರದ ಕೆಳಗೆ ಕುಳಿತು ಎಲೆಯಡಿಕೆ ಹಾಕಿಕೊಂಡರು. ಮತ್ತೆ ಕೈ ಆಡಿದ್ದು ಮೂರೂವರೆಗೆ. ಹಾಡುಹಗಲಿನ ನಾಲ್ಕೂವರೆ ಗಂಟೆ ವ್ಯರ್ಥ. ನನ್ನ ರಕ್ತ ಕುದಿಯಿತು.

ನಿವೃತ್ತಿಗೆ ಮುಂಚೆ ಕಾರ್ಯಕ್ಷಮತೆ ಹೆಚ್ಚಿಸುವ ಬಗೆಯನ್ನು ಕುರಿತ ಒಂದು ದಿನದ ತರಬೇತಿಗೆ ನಾನು ಹೋಗಿದ್ದೆ. ಅಲ್ಲಿ ಕೊಟ್ಟ ಪುಸ್ತಿಕೆಯನ್ನು ಕಾಗುಣಿತ ತಿದ್ದುವ ನೆಪದಲ್ಲಿ ಎರಡು ಬಾರಿ ಓದಿದ್ದೆ. ಅದರ ಬಲದಿಂದ ಅಂದು ಸಂಜೆಯೇ ಕೆಂಪು, ನೀಲಿ ಶಾಯಿಗಳಲ್ಲಿ ವೇಳಾಪಟ್ಟಿ ಬರೆದು ಶೆಡ್ಡಿನ ಗೋಡೆಗೆ ತೂಗುಹಾಕಿದೆ. ಒಂಬತ್ತರಿಂದ ಒಂದು, ಎರಡರಿಂದ ಐದು. ಕೆಲಸದ ವೇಳೆ ಮೌನ. ಹೇಳಬೇಕಾದುದನ್ನು ನಾಲ್ಕೂ ಮುಕ್ಕಾಲಿನ ನಂತರ ಬೆರಳೆತ್ತಿ ಹೇಳತಕ್ಕದ್ದು. ರೈಲುಕಂಬಿ ಅಟ್ಟದಿಂದಿಳಿದು ಬಸ್ಸಿನಲ್ಲಿ ಬಂದು, ಶೆಡ್ಡಿನ ತೊಲೆಗೆ ನೇತುಬಿದ್ದಿತು.

ಮರುದಿನ ವೇಳಾಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ದೇವಮ್ಮ ಪಕ್ಕದ ಸಾಕಮ್ಮನಿಗೆ, "ಅರವತ್ತಕ್ಕೆ ಒಂದ್ನೇ ಕ್ಲಾಸಿಗೆ ಸೇರ್ಸ್ಕಂಡ್ರು ಕಣವ್ವ" ಎಂದರು. ನಾನು ಮೇಜು ಕುಟ್ಟಿದೆ.

ಹನ್ನೊಂದಕ್ಕೆ ದೇವಮ್ಮ ಎಂದಿನಂತೆ ಎಲೆಯನ್ನು ಕಿವಿಗೆ ಹಿಡಿದು, "ಮೇಷ್ಟ್ರೇ, ಈ ಎಲೆ..." ಎಂದು ಬಾಯಿ ತೆರೆದರು.

"ಮಾತಿಗೆ ಸಮಯ ನಾಲ್ಕೂ ಮುಕ್ಕಾಲಿಗೆ, ದೇವಮ್ಮ."

"ಅಲ್ಲ ಕಣ್ ಮೇಷ್ಟ್ರೇ, ಒಸಿ ಕೇಳಿ ಇಲ್ಲಿ..."

"ಹೊರಗೆ ಹೋಗಿ ನಿಂತುಕೊಳ್ಳಿ."

ಇಪ್ಪತ್ತೆರಡು ವರ್ಷದ ಅಭ್ಯಾಸ. ವಾಕ್ಯ ತಾನಾಗಿ ಬಂದುಬಿಟ್ಟಿತು. ಮೊಮ್ಮಕ್ಕಳನ್ನು ಕಂಡ ಹೆಂಗಸು ಸೆರಗು ಕೊಡವಿಕೊಂಡು ಎದ್ದರು. "ಸೇರಿದ್ ದಿನವೇ ಆಚೆ ಆಕ್ಬುಟ್ರು" ಎಂದು ಯಾರಿಗೋ ಹೇಳುವಂತೆ ಹೇಳಿ ಹೊರಟರು. ಹೊಂಗೆಮರದ ಕೆಳಗೆ ನಿಲ್ಲಲಿಲ್ಲ, ಕುಳಿತರು. ಮಧ್ಯಾಹ್ನ ನೋಡಿದರೆ ಅಲ್ಲಿಯೂ ಇರಲಿಲ್ಲ.

ಆಮೇಲೆ ಶೆಡ್ಡಿನಲ್ಲಿ ನೆಲಸಿದ ಮೌನವನ್ನು ನಾನು ಯಾವ ತರಗತಿಯಲ್ಲೂ ಕಂಡವನಲ್ಲ. ಆರು ಜನರ ಕೈಯಿಂದ ಚರಚರ ಎಂಬ ಸದ್ದು ಮಾತ್ರ ಎಡೆಬಿಡದೆ ಬರುತ್ತಿತ್ತು. ಕಾರ್ಯಕ್ಷಮತೆಗೂ ಒಂದು ನಾದವಿದೆಯೆಂದು ಮೆಚ್ಚಿ, ಕುರ್ಚಿಗೊರಗಿ ಕಣ್ಣು ಮುಚ್ಚಿಕೊಂಡು ಕೇಳಿದೆ.

ನಾಲ್ಕೂ ಮುಕ್ಕಾಲಿಗೆ ಗಂಟೆ ಬಾರಿಸಿದೆ. ಸಾಕಮ್ಮ ಬೆರಳೆತ್ತಿದರು.

"ಈಗ ಮಾತಾಡ್ಬೋದಾ ಮೇಷ್ಟ್ರೇ?"

"ಮಾತನಾಡಬಹುದು."

"ಎಲೆ ಪುಡಿಯಾಯ್ತಾ ಅದೆ. ಅನ್ನೊಂದ್ ಗಂಟೆಯಿಂದ."

ಎದ್ದು ಹೋಗಿ ನೋಡಿದೆ. ನಿಂಬೆಹಣ್ಣಿನ ಬಣ್ಣದ, ಬೇಲಿನ ಮೇಲ್ಭಾಗದಲ್ಲಿ ಮೆರೆಯಬೇಕಾಗಿದ್ದ ಎಲೆಯ ಒಂದು ರಾಶಿ ಚೂರುಚೂರಾಗಿತ್ತು. "ಇಷ್ಟು ಹೊತ್ತು ಏಕೆ ಹೇಳಲಿಲ್ಲ?" ಎಂದು ಕೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. "ನಮ್ಗೆ ಓದಕ್ ಬರಕಿಲ್ಲ. ನೀವೇ ಓದಿ ಏಳಿದ್ರಲ್ಲ."

ಬೆಂದ ಎಲೆ ರಾತ್ರಿಯ ಮಂಜು ಕುಡಿದು ಬೆಳಗ್ಗೆ ಮೆತ್ತಗಿರುತ್ತದೆ, ಬಿಸಿಲೇರಿದಂತೆ ಹಪ್ಪಳವಾಗುತ್ತದೆ. ಮುಟ್ಟಿದರೆ ಮುರಿಯುತ್ತದೆ. ಮತ್ತೆ ಹದಕ್ಕೆ ಬರುವವರೆಗೆ ಅದನ್ನು ಮುಟ್ಟದಿರುವುದೂ ಕೆಲಸವೇ. ಹದವೆಂಬುದು ನಮ್ಮ ಭಾಷೆಯ ಮಹತ್ವದ ಪದಗಳಲ್ಲೊಂದು. ಮಳೆ ಬಿದ್ದ ಹೊಲಕ್ಕೆ ಹದವಿದೆ, ಮುದ್ದೆಯ ಹಿಟ್ಟಿಗಿದೆ, ಬೆಲ್ಲದ ಪಾಕಕ್ಕಿದೆ. ಯಾವುದರ ಹದವೂ ಗಡಿಯಾರದಲ್ಲಿಲ್ಲ, ಬೆರಳ ತುದಿಯಲ್ಲಿದೆ. ಈ ಪದವನ್ನು ಹಲಗೆಯ ಮೇಲೆ ಬರೆದು, ಸ್ವಂತ ವಾಕ್ಯದಲ್ಲಿ ಬಳಸಿರೆಂದು ನಾನು ಎಷ್ಟು ಮಕ್ಕಳನ್ನು ಕಾಡಿಲ್ಲ. ಸ್ವಂತ ಕೈಯಲ್ಲಿ ಬಳಸಿದ್ದು ಮಾತ್ರ ಒಮ್ಮೆಯೂ ಇಲ್ಲ.

ಭಾವ ಜಗಲಿಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಎಲೆಗೆ ಕಿವಿ ಇಲ್ಲ ಬುಡಿ ಮೇಷ್ಟ್ರೇ, ನಿಮ್ ಗಂಟೆ ಎಂಗ್ ಕೇಳ್ಸಾತು? ಮೊದ್ಲು ದೇವಮ್ಮನ್ನ ಕರ್ಕಂಡ್ ಬನ್ನಿ. ಅವ್ರಿಲ್ದೆ ಸೋಮವಾರ ಬೇಲ್ ಓಗಕಿಲ್ಲ" ಎಂದಷ್ಟೇ ಹೇಳಿದರು.

ನಾನು ಹೋದಾಗ ದೇವಮ್ಮ ತಮ್ಮ ಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಬನ್ನಿ ಮೇಷ್ಟ್ರೇ. ಟೀಸಿ ಕೊಡಕ್ ಬಂದ್ರಾ?"

"ತಪ್ಪಾಯಿತು" ಎಂದೆ. ಮಕ್ಕಳಿಂದ ನೂರು ಸಲ ಬರೆಸುತ್ತಿದ್ದ ಪದ. ಒಂದು ಸಲ ಆಡಲು ಇಷ್ಟು ಉದ್ದವಿದೆಯೆಂದು ತಿಳಿದಿರಲಿಲ್ಲ.

ಅವರು ನಾಲ್ಕು ಕಾಯಿ ಸುಲಿದು ಮುಗಿಸಿದರು. "ಬತ್ತೀನಿ. ಗಂಟೆ ಮಾತ್ರ ನಾನೇ ಒಡೀತೀನಿ."

ಹಾಗೆಯೇ ನಡೆಯಿತು. ಗಂಟೆ ಒಂದು ದಿನ ಹನ್ನೊಂದೂವರೆಗೆ ಬಾರಿಸಿತು. ಗಾಳಿ ಬೀಸಿದ ಮರುದಿನ ಹತ್ತಕ್ಕೇ. ವೇಳಾಪಟ್ಟಿಯ ಬೆನ್ನ ಮೇಲೆ ಸಾಕಮ್ಮನ ಮಗು ಆನೆಯ ಚಿತ್ರ ಬರೆಯಿತು. ಸೊಂಡಿಲು ಚೆನ್ನಾಗಿಯೇ ಬಂದಿತ್ತು. ಹೆಂಗಸರು ಬಾಯ್ತುಂಬ ಮಾತನಾಡುತ್ತಲೇ ಭಾನುವಾರ ಮಧ್ಯಾಹ್ನದೊಳಗೆ ಎಲೆಯನ್ನೆಲ್ಲ ಆರಿಸಿ ಮುಗಿಸಿದರು. ಬೇಲ್‌ಗಳು ಸಿದ್ಧವಾದವು, ಒಂದು ಕಡಿಮೆ. ಆ ಒಂದರ ಲೆಕ್ಕವನ್ನು ಯಾರೂ ಎತ್ತಲಿಲ್ಲ.

ಅಂದು ಹೊಂಗೆಮರದ ಕೆಳಗೆ ಎಲ್ಲರ ನಡುವೆ ಕುಳಿತಿದ್ದೆ. ಆ ಒಂದು ಬೇಲಿನ ವಿಷಯವಾಗಿ ಏನಾದರೂ ಹೇಳಬೇಕೆನಿಸಿ, ನನಗೇ ತಿಳಿಯದಂತೆ ನನ್ನ ಬೆರಳು ಮೇಲೆದ್ದಿತ್ತು. ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ದೇವಮ್ಮ ತಿರುಗಿ ನೋಡಿದರು.

"ಏಳಿ ಮೇಷ್ಟ್ರೇ, ಏನು?"

"ಏನೂ ಇಲ್ಲ" ಎಂದೆ.

"ಅಂಗಾದ್ರೆ ಸುಮ್ಕೆ ಕುಂತ್ಕಳಿ" ಎಂದು ಎಲೆಯನ್ನು ಮಡಿಚಿ ನನ್ನ ಕೈಗಿತ್ತರು.

ಸುಮ್ಮನೆ ಕುಳಿತೆ. ಭಾವ ಹೇಳಿದ ಕೆಲಸವನ್ನು ನಾನು ಆರಂಭಿಸಿದ್ದು ಆಗಲೇ.