ಮಂಟಪಕ್ಕೆ ಬಾರದ ಸೋದರಮಾವ

ನಮ್ಮಣ್ಣ ಸೂರಿ ಯಾರ ಮನೆಗೆ ಹೋದರೂ ನೇರವಾಗಿ ಬಾಗಿಲಿಗೆ ಹೋಗುತ್ತಿರಲಿಲ್ಲ. ಮನೆ ಮುಂದಿನ ಲಾನಿನಲ್ಲಿ ಮಂಡಿಯೂರಿ ಕೂತು, ಒಂದೆಸಳು ಹುಲ್ಲು ಕಿತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿಯುತ್ತಿದ್ದ. ಒಳಗಿನಿಂದ ಮನೆಯೊಡತಿ "ಅಯ್ಯೋ ಅಂಕಲ್, ಔಷಧಿ ಸ್ಪ್ರೇ ಮಾಡಿಸಿದೀವಿ!" ಎಂದು ಓಡಿ ಬಂದರೆ ಥೂ ಎಂದು ಉಗಿದು ಎದ್ದು ನಿಲ್ಲುತ್ತಿದ್ದ.

"ಎಂಥ ಹುಲ್ಲು ಕಣೇ ಪದ್ದು! ಇದನ್ನ ಮೆಷಿನ್ ಇಟ್ಟು ಕತ್ತರಿಸಿ, ಚೀಲಕ್ಕೆ ತುಂಬಿ ಕಸಕ್ಕೆ ಹಾಕ್ತಾರಲ್ಲ. ಅಲ್ಲಿ ದನಗಳು ಎದೆಯುದ್ದದ ಹುಲ್ಲಲ್ಲಿ ನಿಂತು ಸೊರಗ್ತಾ ಇವೆ."

ಅಲ್ಲಿ ಎಂದರೆ ಭೂಮಿಯ ನಡುಪಟ್ಟಿಯ ದೇಶಗಳು: ಬ್ರೆಜಿಲ್, ಕೋಸ್ಟಾರಿಕಾ, ಕೊಲಂಬಿಯಾ. ಅಣ್ಣನ ಮೈ ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿತ್ತು, ಮನಸ್ಸು ಅಲ್ಲಿ ಮೇಯುತ್ತಿತ್ತು. ಬೆಳಗ್ಗೆ ಬಸ್ಸು ಹತ್ತಿ ಮ್ಯಾನ್‌ಹಟನ್ನಿಗೆ ಹೋಗುತ್ತಿದ್ದ. ಅಲ್ಲೊಂದು ಸಣ್ಣ ಆಫೀಸು. ಬಿಸಿಲು ನಾಡಿನ ಹುಲ್ಲುಗಾವಲಿನಲ್ಲಿ ಮಾಂಸಕ್ಕೆ ದನ ಸಾಕಿದರೆ ಗಿಟ್ಟುತ್ತದೋ ಇಲ್ಲವೋ ಎಂದು ಬಂಡವಾಳ ಹಾಕುವವರಿಗೆ ಹೇಳುವುದು ಆ ಆಫೀಸಿನ ಕಸುಬು. ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚಿ, ಉಪ್ಪಿನಕಾಯಿ ನೆಕ್ಕುತ್ತಾ, ಒಂದು ಹೋರಿ ಎಷ್ಟು ವರ್ಷಕ್ಕೆ ಕಟುಕನ ತೂಕಕ್ಕೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಮೊಟ್ಟೆ ಕೂಡ ಮುಟ್ಟಿದವನಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಎಪ್ಪತ್ತರ ದಶಕದಲ್ಲಿ ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡವನು ಅವನೇ. ಯಜಮಾನರಿಗೆ ಸಬ್‌ವೇ ರೈಲು ಸ್ಟೇಷನ್ನಿನಲ್ಲಿ ಟೋಕನ್ ಕೊಡುವ ಕೆಲಸ ಸಿಕ್ಕಿತು. ಎರಡು ವರ್ಷದ ಮಗಳು ಸುಧಾಳನ್ನು ಕಟ್ಟಿಕೊಂಡು ನಾನು ಫ್ಲೋರಲ್ ಪಾರ್ಕ್ ಎಂಬ ಬಡಾವಣೆಯ ಮನೆಯಲ್ಲಿ ಅಡುಗೆ ಶುರುಮಾಡಿದೆ. ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಸಜ್ಜಿಗೆ, ಪುಳಿಯೋಗರೆ, ಕೋಸಂಬರಿ ನನ್ನದೇ. ಮಡಿಯಲ್ಲಿ ಮಾಡುತ್ತಾರೆ ಪದ್ಮಮ್ಮ ಎಂಬ ಹೆಸರೇ ನನ್ನ ಬಂಡವಾಳ. ಆ ಹೆಸರಿಗೆ ಏಟು ಬಿದ್ದೀತೆಂದು ಅಣ್ಣನ ಕೆಲಸದ ಬಗ್ಗೆ ಯಾರು ಕೇಳಿದರೂ "ಹಾಲಿನ ಡಿಪಾರ್ಟ್‌ಮೆಂಟು" ಎಂದುಬಿಡುತ್ತಿದ್ದೆ. ಎಂಬತ್ತರ ದಶಕವಿಡೀ ನಮ್ಮ ಜನರ ಬಾಯಲ್ಲಿ ಅವನು ಡೈರಿ ಸೂರಿ.

ಈ ಹೆಸರು ತನ್ನ ಕಿವಿಗೆ ಬಿದ್ದಾಗ ಅವನು ನಕ್ಕ. "ಹಾಲು ಅಂದ್ಯಾ? ಸರಿ. ಹೋರಿ ಕರೆದು ತೋರಿಸು ಅಂದ್ರೆ ಏನು ಮಾಡ್ತೀಯ?"

ಅವನ ನಾಲಿಗೆ ಹಾಗೇ, ಕತ್ತರಿ. ಅದರಲ್ಲೂ ಹಸಿರು ಕಂಡು ಬಾಯಿಬಿಡುವವರನ್ನು ಕಂಡರೆ ಅವನಿಗಾಗದು. ವಿಮಾನದ ಕಿಟಕಿಯಿಂದ ಕಾಡು ನೋಡಿ, ಇಷ್ಟು ಹಸಿರಿರುವ ಕಡೆ ದನ ಕೊಬ್ಬದೆ ಇರುತ್ತದೆಯೇ ಎಂದುಕೊಂಡು ಬರುವ ಕೋಟುಧಾರಿಗಳ ಕತೆಗಳನ್ನು ನನ್ನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ. "ಮಳೆಗಾಲದಲ್ಲಿ ಅಲ್ಲಿನ ಹುಲ್ಲು ನಿನ್ನ ಕಣ್ಣೆದುರಿಗೇ ಬೆಳೆಯುತ್ತೆ. ಬೆಳೆದಷ್ಟೇ ಬೇಗ ಮುದಿಯಾಗುತ್ತೆ. ಆಮೇಲೆ ಬರೀ ದಂಟು. ದನ ಹೊಟ್ಟೆ ತುಂಬ ತಿನ್ನುತ್ತೆ, ತಿಂದು ತಿಂದು ಸಣ್ಣಗಾಗುತ್ತೆ. ಮಳೆಯಲ್ಲಿ ಹತ್ತಿದ ಮಾಂಸ ಬೇಸಿಗೆಯಲ್ಲಿ ಇಳಿದುಹೋಗುತ್ತೆ. ಈ ಪೆದ್ದರು ಮಳೆಗಾಲಕ್ಕೆ ಹೋಗಿ ನೋಡಿ ಬರ್ತಾರೆ." ಸುಧಾ ಹೋಂವರ್ಕ್ ಬಿಟ್ಟು ಬಂದು ಅವನ ಮಂಡಿಗೆ ಒರಗುತ್ತಿದ್ದಳು. ಅವನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಮದುವೆಯಾಗದ ಅವನಿಗೆ ಮಕ್ಕಳೆಂದರೆ ಅವಳೊಬ್ಬಳೇ. "ನಿನ್ನ ಮದುವೇಲಿ ಮಂಟಪಕ್ಕೆ ಕರ್ಕೊಂಡು ಹೋಗೋನು ನಾನೇ ಕಣೇ. ಸೋದರಮಾವ ಅಂದ್ರೆ ಸುಮ್ನೇನಾ?" ಎನ್ನುತ್ತಿದ್ದ. ಅವಳು "ಪ್ರಾಮಿಸ್?" ಎಂದು ಕಿರುಬೆರಳು ಚಾಚುತ್ತಿದ್ದಳು.

ಆ ಮದುವೆ ನಿಶ್ಚಯವಾಯಿತು, ತೊಂಬತ್ತರ ದಶಕದ ಆರಂಭದಲ್ಲಿ. ಹುಡುಗ ಒಳ್ಳೆಯವನು. ಅವನಪ್ಪ ಡಾಕ್ಟರ್ ಸೇತುರಾವ್; ಲಾಂಗ್ ಐಲೆಂಡಿನಲ್ಲಿ ಮೂರು ಕಾರಿನ ಮನೆ, ಹಣೆಯಲ್ಲಿ ಅಂಗಾರಕ್ಷತೆ, ಬಾಯಲ್ಲಿ ಸದಾ ಉಪದೇಶ. ಡಾಕ್ಟರು ತಮ್ಮಂಥ ಹತ್ತು ಜನರನ್ನು ಸೇರಿಸಿ ಮಧ್ಯ ಅಮೆರಿಕದಲ್ಲಿ ದನದ ರಾಂಚ್, ಎಂದರೆ ದನ ಮೇಯಿಸುವ ಎಸ್ಟೇಟು, ಕೊಳ್ಳಲು ಹೊರಟಿದ್ದರು. ಸಹಿ ಹಾಕುವ ದಿನ ಬೇಸ್‌ಮೆಂಟಿನಲ್ಲಿ ಪೂಜೆ ಇಟ್ಟುಕೊಂಡರು. ಯೋಚಿಸಿ ನೋಡಿ: ಕಸಾಯಿಖಾನೆಗೆ ಹೋಗುವ ದನ ಕೊಳ್ಳುವುದಕ್ಕೆ ಮುಂಚೆ ಕಳಶ ಇಟ್ಟು, ಹಸುವಿನ ತುಪ್ಪದ ದೀಪ ಹಚ್ಚಿದರು. ಪುರೋಹಿತರಿಗೆ ಗೋವುಗಳ ವ್ಯವಹಾರ ಎಂದಷ್ಟೇ ಹೇಳಿದ್ದರು. ಅವರು ಸಂತೋಷದಿಂದ ಗೋಮಾತೆಯ ಶ್ಲೋಕವನ್ನೂ ಸೇರಿಸಿದರು! ಯಾರೋ ಒಬ್ಬರು ಮೆಲ್ಲಗೆ ಅನುಮಾನ ಎತ್ತಿದಾಗ ಡಾಕ್ಟರು ಕೊಟ್ಟ ಉತ್ತರ ನನಗೆ ಇವತ್ತಿಗೂ ಬಾಯಿಪಾಠ: "ನೋಡಿ, ನಾವು ಸಾಕೋದಷ್ಟೇ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಸಜ್ಜಿಗೆ ನಾನೇ ಮಾಡಿದ್ದೆ. ಹೆಣ್ಣಿನ ಕಡೆಯವನೆಂದು ಅಣ್ಣನನ್ನೂ ಕರೆದಿದ್ದರು, ಬಂದಿದ್ದ. ಗೋಡೆಗೆ ರಾಂಚಿನ ದೊಡ್ಡ ಬಣ್ಣದ ಫೋಟೋ ಅಂಟಿಸಿದ್ದರು. ದನಗಳ ಬೆನ್ನು ಮಾತ್ರ ಕಾಣುವಷ್ಟು ಎತ್ತರದ ಹುಲ್ಲು. ಅಣ್ಣ ಅದರ ಮುಂದೆ ನಿಂತುಬಿಟ್ಟ.

"ಇದು ಮಳೆ ಮುಗಿದ ತಿಂಗಳಲ್ಲಿ ತೆಗೆದ ಫೋಟೋ," ಎಂದ. "ಇದೇ ಜಾಗದ್ದು ಮಾರ್ಚ್ ತಿಂಗಳ ಫೋಟೋ ಇದೆಯಾ ಡಾಕ್ಟ್ರೇ?"

"ಮಾರ್ಚಲ್ಲಿ ಏನು ವಿಶೇಷ?"

"ಆಗ ಎಲುಬು ಎಣಿಸಬಹುದು. ಎಲ್ಲಿ, ಆ ಲಾಭದ ಲೆಕ್ಕದ ಕಾಗದ ಕೊಡಿ." ಓದುತ್ತಾ ನಗತೊಡಗಿದ. "ಈ ಕಾಗದದಲ್ಲಿ ಪ್ರತಿ ಹಸುವೂ ವರ್ಷಕ್ಕೊಂದು ಕರು ಹಾಕುತ್ತೆ. ಅಲ್ಲಿನ ಹಸು ಮೈಯಲ್ಲಿ ಶಕ್ತಿಯಿಲ್ಲದೆ ಎರಡು ವರ್ಷಕ್ಕೊಂದು ಹಾಕಿದ್ರೆ ಪುಣ್ಯ. ಕಾಗದದ ಹಸುಗೇನು ಬಿಡಿ, ಅವಳಿ ಜವಳಿನೂ ಹಾಕೀತು. ಎರಡು ವರ್ಷಕ್ಕೆ ಹೋರಿ ಮಾರ್ತೀರಾ? ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸೋ ಈ ದೇಶದ ಅಯೋವಾದ ಲೆಕ್ಕ ತಂದು ಇಲ್ಲಿ ಬರೆದಿದಾರೆ. ಆ ಹುಲ್ಲು ತಿಂದು ಆ ತೂಕ ಬರೋಕೆ ನಾಲ್ಕು, ಐದು ವರ್ಷ ಬೇಕು. ಅಷ್ಟು ವರ್ಷ ನೀವು ಅದರ ಬಾಲ ನೋಡ್ತಾ ಕೂತಿರಬೇಕು."

"ಲ್ಯಾಂಡ್ ಫ್ರೆಶ್ ಆಗಿದೆ, ಸಾರ್," ಎಂದರು ಈ ರಾಂಚಿನ ಪಾಲು ಮಾರುತ್ತಿದ್ದ ದಲ್ಲಾಳಿ ಮೋಹನ್ ಅಂಕಲ್. "ಈಗಷ್ಟೇ ಕಾಡು ಕ್ಲಿಯರ್ ಮಾಡಿರೋದು."

"ಅದೇ ರೋಗ. ಮೊದಲೆರಡು ವರ್ಷ ಸುಟ್ಟ ಕಾಡಿನ ಬೂದಿ ತಿಂದು ಹುಲ್ಲು ಬರುತ್ತೆ. ಬೂದಿ ಮುಗಿದ ಮೇಲೆ ಕಳೆ ಬರುತ್ತೆ. ಅಲ್ಲಿ ದುಡ್ಡು ಮಾಡೋನು ದನದಿಂದ ಮಾಡಲ್ಲ ಸ್ವಾಮಿ. ಜಮೀನಿನ ಬೆಲೆ ಏರಲಿ ಅಂತ ಕಾಯ್ತಾನೆ. ಜಾಗ ತನ್ನದು ಅಂತ ತೋರಿಸೋಕೆ ನಾಲ್ಕು ದನ ಬಿಟ್ಟಿರ್ತಾನೆ. ಅವನೇ ಮಾರಿ ಹೊರಟ ಮೇಲೆ ನೀವು ಕೊಳ್ತಾ ಇದೀರ."

ಡಾಕ್ಟರ ಮುಖ ಕೆಂಪಗಾಯಿತು. "ಸೂರಿಯವರೇ, ಹಾಲಿನವರಿಗೆ ಇಷ್ಟೆಲ್ಲ ಹೇಗೆ ಗೊತ್ತು?"

"ಹಾಲು ಯಾರು ಹೇಳಿದ್ದು? ಇಪ್ಪತ್ತು ವರ್ಷದಿಂದ ನನ್ನ ಕಸುಬು ದನದ ಮಾಂಸ."

ಪ್ರಸಾದದ ಮುಂದೆ ಆ ಮಾತು ಬಿತ್ತು. ಒಬ್ಬ ಹೆಂಗಸು ಸಜ್ಜಿಗೆಯ ದೊನ್ನೆಯನ್ನು ಕೆಳಗಿಟ್ಟಳು. ಎಲ್ಲರೂ ನನ್ನ ಕಡೆ ತಿರುಗಿದರು. ಅದೇ ಮಾಂಸದಲ್ಲಿ ಪಾಲು ಕೊಳ್ಳಲು ಪೆನ್ನು ಬಿಚ್ಚಿ ಕೂತಿದ್ದ ಹತ್ತು ಗಂಡಸರು ನನ್ನಣ್ಣನನ್ನು ಮೈಲಿಗೆಯವನಂತೆ ನೋಡಿದರು. ನಾನೇನು ಮಾಡಿದೆ? "ನನಗೂ ಗೊತ್ತಿರಲಿಲ್ಲ," ಎಂದೆ. ಅಣ್ಣ ಒಂದು ಸಲ ನನ್ನ ಮುಖ ನೋಡಿದ. ಕೋಟು ಹಾಕಿಕೊಂಡು ಹೋದ. ಅವನು ಹೋದ ಮೇಲೆ ಹತ್ತೂ ಜನ ಸಹಿ ಹಾಕಿದರು.

ಮಾರನೆಯ ದಿನ ಡಾಕ್ಟರ ಫೋನು ಬಂತು. "ನೋಡಿಯಮ್ಮ, ನನಗೇನೂ ಇಲ್ಲ. ಆದರೆ ನಮ್ಮ ತಾಯಿ ಇಂಡಿಯಾದಿಂದ ಬರ್ತಾ ಇದಾರೆ. ಹುಡುಗಿನ ಮಂಟಪಕ್ಕೆ ಕರೆತರೋ ಕೈ ಶುದ್ಧವಾಗಿದ್ರೆ ಒಳ್ಳೇದು."

ನಿಮ್ಮ ಕೈ ಹೇಗಿದೆ ಡಾಕ್ಟ್ರೇ ಎಂದು ಕೇಳಬೇಕಿತ್ತು. ಏಳನೇ ಕ್ಲಾಸಿನವಳಿಗೂ ಹೊಳೆಯುವ ಪ್ರಶ್ನೆ ಅದು. ಹೊಳೆದಿತ್ತು ಕೂಡ. ಆದರೆ ಮೂರು ಕಾರಿನ ಮನೆ ಕಣ್ಣಿಗೆ ಕಟ್ಟಿತ್ತು, ಪೂಜೆಯ ಅಡುಗೆಗಳು ಕೈತಪ್ಪುವ ಭಯವಿತ್ತು. "ಆಗಲಿ ಸಾರ್," ಎಂದೆ. ಯಜಮಾನರು "ನಿನ್ನ ಅಣ್ಣ, ನೀನೇ ಹೇಳು," ಎಂದು ಡ್ಯೂಟಿಗೆ ಹೊರಟರು. ಮದುವೆಗೆ ಬರಬೇಡ ಎಂದು ಫೋನಿನಲ್ಲಿ ನಾನು ಹೇಳಿ ಮುಗಿಸುವ ಮುಂಚೆಯೇ ಅಣ್ಣ ಹೇಳಿದ: "ಸರಿ ಬಿಡು ಪದ್ದು. ಅವತ್ತು ನನಗೂ ಏನೋ ಕೆಲಸ ಇದೆ." ಮದುವೆ ಇದ್ದದ್ದು ಶನಿವಾರ. ಶನಿವಾರ ಅವನಿಗೆಂಥ ಕೆಲಸ? ಸುಧಾಗೂ ನಾನು ಅದನ್ನೇ ಹೇಳಿದೆ: ಮಾಮನಿಗೆ ಕೆಲಸವಂತೆ, ಬರುವುದಿಲ್ಲವಂತೆ. ಅವಳು ತುಟಿ ಕಚ್ಚಿಕೊಂಡು ರೂಮಿಗೆ ಹೋದಳು.

ಅಣ್ಣನ ಬದಲಿಗೆ ಮಂಟಪಕ್ಕೆ ಅವಳ ಕೈ ಹಿಡಿದು ಕರೆತಂದವರು ಡಾಕ್ಟರೇ ಸೂಚಿಸಿದ ಮೋಹನ್ ಅಂಕಲ್. ರಾಂಚಿನ ಮುನ್ನೂರು ದನ ಮಾರಿದ ಶುದ್ಧವಾದ ಕೈ!

ಆಮೇಲೆ ಅಣ್ಣನನ್ನು ನೋಡಿದ್ದು ಒಂದೇ ಸಲ. ಕೊಲಂಬಿಯಾದ ಬಯಲಿನಲ್ಲಿ ಹುಲ್ಲಿನ ಜೊತೆ ಕಾಳಿನ ಬಳ್ಳಿ ಬೆಳೆಸಿ ದನಗಳಿಗೆ ಬೇಸಿಗೆ ದಾಟಿಸುವ ಪ್ರಯೋಗವೊಂದಿದೆ, ಹೋಗುತ್ತೇನೆ ಎಂದಿದ್ದ. ಚಿರೋಟಿ ಕಟ್ಟಿಕೊಂಡು ಓಲ್ಡ್ ಬ್ರಿಡ್ಜಿಗೆ ಹೋದೆ. ಮನೆ ತುಂಬ ಪೆಟ್ಟಿಗೆ. ಚಿರೋಟಿ ಮುರಿಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದ.

"ಮಗೂನ ಮಂಟಪಕ್ಕೆ ಯಾರು ಕರ್ಕೊಂಡು ಬಂದ್ರು?"

ನಿಜ ಹೇಳಲು ಬಾಯಿ ಬರಲಿಲ್ಲ. "ಯಾರೂ ಇಲ್ಲ ಕಣೋ. ಮಾಮ ಇಲ್ದಿದ್ರೆ ಯಾರೂ ಬೇಡ ಅಂತ ಒಬ್ಬಳೇ ನಡ್ಕೊಂಡು ಬಂದ್ಲು."

ಅವನ ಮುಖ ಅರಳಿತು. "ಹೌದಾ? ಭಲೇ ಹುಡುಗಿ!" ಎಂದು ಇನ್ನೊಂದು ಚಿರೋಟಿ ತೆಗೆದುಕೊಂಡ.

ನಾಲ್ಕು ತಿಂಗಳಿಗೆ ಕಾಗದ ಬಂತು. ನನಗೆ ಇಂಗ್ಲಿಷ್ ಬಾರದೆಂದು ಯಾವಾಗಲೂ ಕನ್ನಡದಲ್ಲೇ ಬರೆಯುತ್ತಿದ್ದ. ಸುಧಾ ಅವತ್ತು ಮನೆಗೆ ಬಂದಿದ್ದಳು. ಅವಳಿಗೆ ಕನ್ನಡ ಓದಲು ಬಾರದು. ಕೊನೆಯಲ್ಲಿ "ಇದನ್ನು ಸುಧಾಗೆ ಓದಿ ಹೇಳು" ಎಂದು ಗೆರೆ ಎಳೆದು ಬರೆದಿದ್ದ: "ಮಗು, ನನಗೋಸ್ಕರ ಒಬ್ಬಳೇ ನಡೆದು ಬಂದೆಯಂತೆ. ನಿನ್ನ ಮದುವೆಗೆ ಬರಬೇಡ ಅಂದಾಗ ಆದ ನೋವು ಅದರಿಂದ ಹೋಯಿತು. ಈಗ ನನಗೆ ಯಾರ ಮೇಲೂ ಬೇಸರವಿಲ್ಲ."

"ವಾಟ್ ಡಸ್ ಮಾಮಾ ಸೇ ಅಬೌಟ್ ಮಿ?" ಎಂದು ಸುಧಾ ಕೇಳಿದಳು.

"ಚೆನ್ನಾಗಿರು ಅಂತ ಬರ್ದಿದಾನೆ."

"ದಟ್ಸ್ ಆಲ್?"

"ಅಷ್ಟೇ."

ಇನ್ನೆರಡು ವರ್ಷಕ್ಕೆ ಡಾಕ್ಟರ ರಾಂಚು ಬರಿದಾಯಿತು, ಹಾಕಿದ ದುಡ್ಡು ಮುಳುಗಿತು. ಮಳೆ ಕೈಕೊಟ್ಟಿತು ಎಂದು ಅವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅದೇ ವರ್ಷ ಕೊಲಂಬಿಯಾದಿಂದ ಫೋನು ಬಂತು. ಅಣ್ಣ ಹುಲ್ಲುಗಾವಲಿನಲ್ಲಿ ಕುಸಿದುಬಿದ್ದನಂತೆ, ಹೃದಯ ನಿಂತಿತ್ತಂತೆ. ಅಲ್ಲಿಯವರೇ ಎಲ್ಲ ಮುಗಿಸಿದ್ದರು. ಸುಧಾಗೆ ಫೋನು ಮಾಡಿ ಹೇಳಿದೆ. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹೀ ಡಿಡಂಟ್ ಈವನ್ ಕಮ್ ಟು ಮೈ ವೆಡ್ಡಿಂಗ್, ಅಮ್ಮ," ಎಂದಳು.

ನಾನು "ಹ್ಞೂಂ" ಎಂದೆ.