ಇವತ್ತಿನ ಮಿತಿ ಮುಗಿದಿದೆ

ಹೊನ್ನವಳ್ಳಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ರುದ್ರೇಶನಿಗೆ ಈಚೆಗೆ ಜನ ಫೋನ್ ಕೈಗೆ ತೆಗೆದುಕೊಂಡರೆ ಸಾಕು, ಮೈಯೆಲ್ಲ ಉರಿಯುತ್ತದೆ. ಸಿಟ್ಟಿಗೆ ಕಾರಣವಿದೆ. ಅವನ ಸೋದರತ್ತೆ ದ್ರಾಕ್ಷಾಯಣಮ್ಮನ ಗಂಡ, ಗಂಗಾಧರ್ ಮಾವ, ತೆಂಗಿನ ತೋಟದ ಪಂಪ್ ಮನೆಯಲ್ಲಿ ಮೋಟಾರಿನ ಸ್ಟಾರ್ಟರಿಗೆ ಒದ್ದೆ ಕೈ ಹಾಕಿ ಅಲ್ಲೇ ಪ್ರಾಣ ಬಿಟ್ಟಿದ್ದರು. ಆವತ್ತಿನಿಂದ ಅತ್ತೆ ಪಂಪ್ ಮನೆಯ ಕಡೆ ತಲೆ ಹಾಕಿರಲಿಲ್ಲ. ಅತ್ತೆ ಇನ್ನೆಂದೂ ಆ ಸ್ಟಾರ್ಟರ್ ಮುಟ್ಟಬಾರದೆಂದೇ ರುದ್ರೇಶ ತಲೆ ಕೆಡಿಸಿಕೊಂಡು, ಮನೆಯಿಂದಲೇ ಫೋನಿನಲ್ಲಿ ಮೋಟಾರ್ ಹಾಕಿ ಆರಿಸುವ ಪೆಟ್ಟಿಗೆಯೊಂದನ್ನು ಮಾಡಿದ. ಅದನ್ನು ನೋಡಿ ಊರವರೂ ಮುಗಿಬಿದ್ದು ಹಾಕಿಸಿಕೊಂಡರು.

ಎಡವಟ್ಟಾಗಿದ್ದು ಅಲ್ಲೇ. ಫೋನಿನಲ್ಲಿ ಒತ್ತಿದ್ದು ಯಾವುದೋ ಕ್ಲೌಡ್ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಪೆಟ್ಟಿಗೆಗೆ ಬರಬೇಕು. ಆ ಕಂಪನಿಯೋ, ಎಲ್ಲರಿಗೂ ಸೇರಿ ದಿನಕ್ಕೆ ಇಷ್ಟೇ ಎಪಿಐ ರಿಕ್ವೆಸ್ಟ್, ಅಂದರೆ ಇಷ್ಟೇ ಸಲ ಒತ್ತಬಹುದು, ಎಂದು ಮಿತಿ ಹಾಕಿದೆ. ಅದು ಮುಗಿದರೆ ಮರುದಿನ ಬೆಳಗಿನವರೆಗೆ ಯಾರ ಮೋಟಾರೂ ಮಾತು ಕೇಳುವುದಿಲ್ಲ. ಮಿತಿ ಹೆಚ್ಚಿಸಿ ಎಂದು ಎಷ್ಟು ಬರೆದರೂ "ಪರಿಶೀಲಿಸುತ್ತಿದ್ದೇವೆ" ಎಂಬ ಒಂದೇ ಉತ್ತರ. ಇವರ ಪರಿಶೀಲನೆಗೆ ಬೆಂಕಿ ಹಾಕ!

ಮೊನ್ನೆ ಬೆಳಗಿನಿಂದ ಮೋಟಾರಿಗೆ ಬೇಕಾದ ತ್ರೀಫೇಸ್ ಕರೆಂಟ್ ಇರಲಿಲ್ಲ. ಕರೆಂಟ್ ಬಂದಿದೆಯೋ ಇಲ್ಲವೋ ಎಂಬುದನ್ನೂ ಆ ಪೆಟ್ಟಿಗೆ ಫೋನಿನಲ್ಲಿ ತೋರಿಸುತ್ತದೆ. ಬಂತಾ, ಬಂತಾ ಎಂದು ಊರಿಗೆ ಊರೇ ಫೋನ್ ಒತ್ತುತ್ತ ಕೂತಿತು.

"ಸುಮ್ನೆ ನೋಡ್ದೆ ಕಣ್ಲಾ, ಮೋಟ್ರು ಎಲ್ಲಿ ಹಾಕ್ದೆ?" ಎಂದ ಪಕ್ಕದಂಗಡಿಯ ದಯಾನಂದ್.

"ನೋಡಿದ್ರೂ ಲೆಕ್ಕಾನೇ ಕಣ್ಲಾ! ಎಷ್ಟ್ ಸಲ ಬಡ್ಕೊಳ್ಲಿ ನಾನು?" ಎಂದು ರುದ್ರೇಶ ರೇಗಿದ.

ಮಧ್ಯಾಹ್ನ ಕರೆಂಟ್ ಬಂದು ಮೋಟಾರುಗಳು ಓಡಿದವು. ಸ್ವಲ್ಪ ಹೊತ್ತಿಗೆಲ್ಲ ಆ ದಿನದ ಮಿತಿ ಮುಗಿಯಿತು. ಆಗಲೇ ಅತ್ತೆಯ ಫೋನ್ ಬಂತು.

"ರುದ್ರೇಶ, ಬೋರಲ್ಲಿ ನೀರು ನಿಂತೋಯ್ತು ಕಣಪ್ಪ. ಎಷ್ಟ್ ಒತ್ತಿದ್ರೂ ಮೋಟ್ರು ಆಫ್ ಆಗ್ತಿಲ್ಲ. ನೀರಿಲ್ದೆ ಓಡಿ ಸುಟ್ಟೋಗ್ಬುಡ್ತದೆ."

"ಸುಟ್ರೆ ಸುಡ್ಲಿ, ನಾನ್ ರಿಪೇರಿ ಮಾಡ್ಕೊಡ್ತೀನಿ. ನೀನ್ ಮಾತ್ರ ಮುಟ್ಬೇಡ ಅತ್ತೆ, ಬಂದೆ!"

ಕಂಪನಿಯನ್ನೂ ಊರನ್ನೂ ಒಟ್ಟಿಗೆ ಬೈಯುತ್ತ ಬೈಕ್ ಓಡಿಸಿದ. ತೋಟ ತಲುಪಿದಾಗ ಮೋಟಾರ್ ನಿಂತಿತ್ತು. ಅತ್ತೆ ಪಂಪ್ ಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಬಲಗೈಯನ್ನು ಸೆರಗಿನಿಂದ ಇನ್ನೂ ಒರೆಸಿಕೊಳ್ಳುತ್ತಲೇ ಇದ್ದರು. ರುದ್ರೇಶನಿಗೆ ಅಳುವೇ ಬಂತು.

"ಆರ್ಸ್ದೆ ಬುಡು," ಎಂದರು ಅತ್ತೆ. "ಇನ್ಮೇಲೆ ನಾನೇ ಆರಿಸ್ಕೋತೀನಿ. ದಿನದ ಮಿತಿ ಸಾಕಾಗ್ದೆ ಊರೋರೆಲ್ಲ ನಿನ್ನ ಬೈತಾರಂತೆ. ನನ್ ಪಾಲಿಂದೂ ಅವ್ರಿಗೇ ಕೊಟ್ಬುಡು."